ಯಾತ್ರೆ ಮುಗಿಯುವುದೆಲ್ಲಿ?

ಯಾತ್ರೆಗೆ ಹೊರಡುವಾಗ ಆಚರಿಸಬೇಕಾದ ವಿಧಿಗಳನ್ನು ನಮ್ಮ ಹಿರಿಯರು ವಿವರವಾಗಿ ಹೇಳಿದ್ದಾರೆ. ಸಂಕಲ್ಪ ಮಾಡಬೇಕು, ಮನೆದೇವರಿಗೆ ಮೀಸಲು ತೆಗೆದಿಡಬೇಕು, ಹಿರಿಯರ ಆಶೀರ್ವಾದ ಪಡೆಯಬೇಕು. ಕ್ಷೇತ್ರದಲ್ಲಿ ನಡೆಸಬೇಕಾದ ಸ್ನಾನ, ದರ್ಶನ, ಸೇವೆ, ದಾನಗಳ ಕ್ರಮವೂ ನಮಗೆ ತಿಳಿದಿದೆ. ಊರಿಗೆ ಮರಳಿದ ಮೇಲೆ ಸಮಾರಾಧನೆ ಮಾಡಿ ನಾಲ್ಕು ಜನರಿಗೆ ತೀರ್ಥಪ್ರಸಾದ ಹಂಚುವ ಸಂಪ್ರದಾಯವನ್ನೂ ಅನೇಕ ಮನೆತನಗಳು ಉಳಿಸಿಕೊಂಡು ಬಂದಿವೆ. ಆದರೆ ಕ್ಷೇತ್ರಕ್ಕೂ ಸಮಾರಾಧನೆಗೂ ನಡುವೆ ಒಂದು ದಾರಿ ಉಂಟು. ಅದೇ ಹಿಂದಿರುಗುವ ದಾರಿ. ಅದನ್ನು ಕುರಿತು ನಾವು ಹೆಚ್ಚಾಗಿ ವಿಚಾರ ಮಾಡುವುದಿಲ್ಲ. ದರ್ಶನವಾಯಿತು, ರಜೆ ತೀರಿತು, ಇನ್ನು ಮನೆ ಮುಟ್ಟಿದರೆ ಸಾಕು ಎಂಬ ಭಾವನೆಯಿಂದ ಅದನ್ನು ಹೇಗೋ ಕಳೆದುಬಿಡುತ್ತೇವೆ.

ಬೀದರಿನ ಸಜ್ಜನರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಾಗಿಲ್ಲ. ನಮ್ಮ ಝರಣಿ ನರಸಿಂಹದೇವರ ಸನ್ನಿಧಿಯನ್ನೇ ನೋಡಬಹುದು. ನೀರಿರುವ ದಿನಗಳಲ್ಲಿ ಸುಮಾರು 300 ಮೀಟರು ದೂರ ಗುಹೆಯ ಒಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಸ್ವಾಮಿಯ ದರ್ಶನ ಪಡೆಯಬೇಕು. ಹೋಗುವಾಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತೇವೆ, ವೃದ್ಧರ ಕೈ ಹಿಡಿಯುತ್ತೇವೆ. ದರ್ಶನವಾದ ಮೇಲೆ ಹೊರಬರುವುದೂ ಅದೇ ನೀರಿನಲ್ಲಿ, ಅಷ್ಟೇ ದೂರ. ದೇವರ ದರ್ಶನವಾಯಿತೆಂದು ಹಿಡಿದ ಕೈಯನ್ನು ನೀರಿನ ನಡುವೆ ಬಿಟ್ಟು ತಾನೊಬ್ಬನೇ ಹೊರಗೆ ಬರುವವನು ಯಾವನೂ ಇರಲಾರನು. ಗುಹೆಯಲ್ಲಿ ನಮಗೆ ಇಷ್ಟು ಸ್ಪಷ್ಟವಾಗಿ ಕಾಣುವ ಧರ್ಮವು ಬಸ್ಸಿನ ದಾರಿಯಲ್ಲಿ ಏಕೆ ಮರೆತುಹೋಗುತ್ತದೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ. ನಮ್ಮಿಂದಲೇ ನಡೆದ ಒಂದು ತಪ್ಪು ಈ ವಿಚಾರಕ್ಕೆ ಕಾರಣವಾದ್ದರಿಂದ ಅದನ್ನು ಮುಚ್ಚಿಡದೆ ವಾಚಕರ ಮುಂದಿಡುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆಯ ರಜೆಯಲ್ಲಿ ಮೂರು ಊರಿನವರು ಕೂಡಿ ಯಾತ್ರೆಗೆ ಹೊರಟೆವು. ಬೀದರಿನಿಂದ ನಾವು, ನಮ್ಮ ಮನೆಯವರು ಮತ್ತು ಇಬ್ಬರು ಮಕ್ಕಳು. ಭಾಲ್ಕಿಯಿಂದ ನಿವೃತ್ತರಾದ ಒಬ್ಬ ಮಾಸ್ತರರು. ಔರಾದಿನಿಂದ ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಅವರನ್ನು ನಾವೆಲ್ಲರೂ ಕಾಕಾ ಎಂದೇ ಕರೆಯುವ ವಾಡಿಕೆ. ಮೊದಲು ಆನೆಗುಂದಿಗೆ ಹೋಗಿ, ದೋಣಿಯಲ್ಲಿ ತುಂಗಭದ್ರೆಯನ್ನು ದಾಟಿ, ನಡುಗಡ್ಡೆಯಲ್ಲಿರುವ ಒಂಬತ್ತು ವೃಂದಾವನಗಳ ದರ್ಶನ ಪಡೆದೆವು. ಅಲ್ಲಿಂದ ಮಂತ್ರಾಲಯಕ್ಕೆ ಬಂದು ಎರಡು ದಿನ ಇದ್ದು ರಾಯರ ಸೇವೆ ಮಾಡಿದೆವು. ಹೋಗುವಾಗಿನ ಸಂತೋಷವನ್ನು ವರ್ಣಿಸುವುದು ಕಷ್ಟ. ದಾರಿಯುದ್ದಕ್ಕೂ ಹರಿಕಥೆ, ದೇವರನಾಮ. ಒಬ್ಬರು ಹೊತ್ತ ಚೀಲವನ್ನು ಇನ್ನೊಬ್ಬರು ಕಸಿದುಕೊಂಡು ಹೊರುತ್ತಿದ್ದರು. ಕಾಕಾ ಅವರಂತೂ ಮಕ್ಕಳಿಗೆ ಪ್ರತಿಯೊಂದು ವೃಂದಾವನದ ಮುಂದೆಯೂ ಆಯಾ ಯತಿಗಳ ಚರಿತ್ರೆಯನ್ನು ಹೇಳಿದರು.

ರಜೆ ಮುಗಿಯುತ್ತಿದ್ದ ಕಾರಣ ವೈಶಾಖ ಶುದ್ಧ ಏಕಾದಶಿಯ ದಿನವೇ ಹಿಂದಿರುಗಬೇಕಾಯಿತು. ಬೆಳಿಗ್ಗೆ ನದೀಸ್ನಾನ ಮುಗಿಸಿ ಹೊರಟೆವು. ಮಕ್ಕಳಿಗೆ ಫಲಹಾರವಾಯಿತು, ನಾವೂ ಹಾಲು ಹಣ್ಣು ತೆಗೆದುಕೊಂಡೆವು. ಕಾಕಾ ಮಾತ್ರ ಎಂದಿನಂತೆ ನಿರ್ಜಲ. ಆ ದಿನದ ಬಿಸಿಲನ್ನು ನೆನೆದರೆ ಇಂದಿಗೂ ಗಂಟಲು ಒಣಗುತ್ತದೆ. ರಾಯಚೂರಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ, ಸಮಯ ಕಳೆಯಲೆಂದು ಯಾತ್ರೆಯ ಲೆಕ್ಕವನ್ನು ತೆಗೆದೆವು. ಅಲ್ಲಿ 140 ರೂಪಾಯಿಗಳ ವ್ಯತ್ಯಾಸ ಬಂದಿತು. ದೋಣಿಯ ಹಣವನ್ನು ತಾವು ಕೊಟ್ಟಿದ್ದಾಗಿ ಕಾಕಾ ಹೇಳಿದರು. ನಮ್ಮ ಪುಸ್ತಕದಲ್ಲಿ ಅದು ಬರೆದಿರಲಿಲ್ಲ. ಬರೆದಿಲ್ಲದ್ದನ್ನು ಹೇಗೆ ಹಿಡಿಯಬೇಕೆಂದು ನಾವು ಸ್ವಲ್ಪ ಬಿರುಸಾಗಿಯೇ ಕೇಳಿದೆವು. ಯಾರ ಲೆಕ್ಕ ಸರಿ ಎಂಬುದು ಇಂದು ಮುಖ್ಯವಲ್ಲ. ಕಾಕಾ "ಹೋಗಲಿ ಬಿಡ್ರಿ" ಎಂದು ಸುಮ್ಮನಾದರು. ಆ ಮೇಲೆ ಕಲಬುರಗಿಯವರೆಗೆ ಯಾರೂ ಹೆಚ್ಚು ಮಾತನಾಡಲಿಲ್ಲ.

ಹುಮನಾಬಾದದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಬೀದರಿಗೆ, ಇನ್ನೊಂದು ಭಾಲ್ಕಿಗೆ. ಮಾಸ್ತರರು ಅಲ್ಲಿ ಇಳಿದರು. ನಮ್ಮ ಬಸ್ಸು ಹೊರಡುವುದರಲ್ಲಿದ್ದರೂ ಕಾಕಾ ಅವರ ಹಿಂದೆಯೇ ಇಳಿದು, ಭಾಲ್ಕಿಯ ಬಸ್ಸು ಯಾವುದೆಂದು ವಿಚಾರಿಸಿ, ಮಾಸ್ತರರ ಚೀಲವನ್ನು ಅವರ ಸೀಟಿನ ಹತ್ತಿರ ಇಟ್ಟು, ಓಡುತ್ತ ಹಿಂದಿರುಗಿದರು. ದಿನವಿಡೀ ಒಂದು ಹನಿ ನೀರನ್ನೂ ಮುಟ್ಟದವರು ಅವರೇ. ನಾವು ಕಿಟಕಿಯಿಂದ ಕೈ ಬೀಸಿದ್ದಷ್ಟೇ.

ಬೀದರ ಮುಟ್ಟಿದಾಗ ರಾತ್ರಿ 10.30 ಆಗಿತ್ತು. ಔರಾದಿಗೆ ಹೋಗುವ ಕೊನೆಯ ಬಸ್ಸು ಹೋಗಿಯಾಗಿತ್ತು. ಔರಾದ ಬೀದರಿನಿಂದ ಸುಮಾರು 40 ಕಿಲೋಮೀಟರು. ಮಕ್ಕಳು ನಿದ್ದೆಯಲ್ಲಿ ತೂಗುತ್ತಿದ್ದರು, ಸಾಮಾನು ಬಹಳವಿತ್ತು, ಬೆಳಿಗ್ಗೆ ಕಚೇರಿಯಿತ್ತು. "ಕಾಕಾ, ಏನು ಮಾಡ್ತೀರಿ? ಮನೀಗೆ ಬರ್ತೀರೇನು?" ಎಂದು ಕೇಳಿದೆವು. ಅವರು ಒಂದು ಕ್ಷಣ ನಮ್ಮ ಮುಖವನ್ನು ನೋಡಿ, "ನೀವು ನಡೀರಿ ರಾಯರೇ, ಹುಡುಗರು ದಣದಾವ. ನನ್ನ ದಾರಿ ನನಗ ಗೊತ್ತದ" ಎಂದರು. "ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ" ಎಂದು ಹೇಳಿ ನಾವು ಆಟೋ ಹತ್ತಿದೆವು. ಮನೆಗೆ ಬಂದು ಮಲಗಿದೆವು. ಮರುದಿನ ದ್ವಾದಶಿ. ಪಾರಣೆಯ ಕಾಲ ಮುಂಜಾನೆಯೇ ಮುಗಿಯುವುದಿತ್ತು. ಮನೆಯವರು ಎದ್ದು ಅಡಿಗೆ ಮಾಡಿದರು. ಬಿಸಿ ಅನ್ನ, ಸಾರುಗಳಿಂದ ನಮ್ಮ ಪಾರಣೆ ಸಕಾಲದಲ್ಲಿ ನಡೆಯಿತು. ಕಾಕಾ ಅವರ ಫೋನು ಬರಲಿಲ್ಲವೆಂಬುದು ನೆನಪಾದದ್ದು ಮಧ್ಯಾಹ್ನ, ಕಚೇರಿಯಲ್ಲಿ. ಸಂಜೆ ಮಾಡೋಣವೆಂದುಕೊಂಡೆವು. ಸಂಜೆ ಮರೆತೆವು.

ಮೂರನೆಯ ದಿನ ನರಸಿಂಹ ಜಯಂತಿ. ಝರಣಿಯ ಸನ್ನಿಧಿಗೆ ಹೋದಾಗ ಕಾಕಾ ಮೊಮ್ಮಗನೊಡನೆ ಅಲ್ಲಿಗೆ ಬಂದಿದ್ದರು. ಅವರು ಎಂದಿನಂತೆ ನಗುತ್ತ ಮಾತನಾಡಿದರು. ನಡೆದುದನ್ನು ಹೇಳಿದವನು ಮೊಮ್ಮಗ. ಅಜ್ಜನ ಮೊಬೈಲಿನ ಬ್ಯಾಟರಿ ದಾರಿಯಲ್ಲಿಯೇ ಮುಗಿದಿತ್ತು. ರಾತ್ರಿಯೆಲ್ಲ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದು, ನಸುಕಿನಲ್ಲಿ ನಲ್ಲಿಯ ಕೆಳಗೆ ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ, ಚೀಲದಲ್ಲಿದ್ದ ತುಂಗಭದ್ರೆಯ ತೀರ್ಥದಿಂದಲೇ ಪಾರಣೆ ಮಾಡಿ, ಮೊದಲ ಬಸ್ಸಿಗೆ ಊರಿಗೆ ಹೋದರಂತೆ. ನಾವು ತಲೆ ತಗ್ಗಿಸಿ ಕ್ಷಮೆ ಬೇಡಿದೆವು. "ಅದರಾಗೇನದ ರಾಯರೇ, ತೀರ್ಥ ಇತ್ತಲ್ಲ, ಪಾರಣಿ ಚಲೋ ಆತು" ಎಂದು ಅವರು ಮಾತನ್ನು ಬೇರೆಡೆಗೆ ತಿರುಗಿಸಿದರು. ಅವರು ಕ್ಷಮಿಸಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬರು ಕ್ಷಮಿಸಿದ ಮಾತ್ರಕ್ಕೆ ನಡೆದುದು ಸರಿಯಾಗುವುದೇ? ಅಂದು ನಮ್ಮ ಕರ್ತವ್ಯವಾದರೂ ಏನಿದ್ದಿತು? ಈ ಪ್ರಶ್ನೆಯನ್ನು ನಮ್ಮ ಪದ್ಧತಿಯಂತೆ ಆಕ್ಷೇಪ–ಸಮಾಧಾನಗಳ ಮೂಲಕವೇ ಪರಿಶೀಲಿಸೋಣ.

ಮೊದಲನೆಯ ಆಕ್ಷೇಪವಿದು. ಕಾಕಾ ತಿಳಿವಳಿಕೆಯುಳ್ಳ ಹಿರಿಯರು. ಅವರ ದಾರಿ ಅವರಿಗೆ ಗೊತ್ತು. ಪ್ರತಿಯೊಬ್ಬನೂ ತನ್ನ ಹೊಣೆಯನ್ನು ತಾನು ಹೊರತಕ್ಕವನು. ಸಹಯಾತ್ರಿಕನೆಂದ ಮಾತ್ರಕ್ಕೆ ಅವನ ಭಾರವೆಲ್ಲ ನಮ್ಮ ಮೇಲೆ ಬೀಳುವುದಿಲ್ಲ. ಮೇಲ್ನೋಟಕ್ಕೆ ಈ ಮಾತು ಸಮಂಜಸವಾಗಿ ತೋರುತ್ತದೆ. ಆದರೆ ಇದು ನಮ್ಮ ಬಾಯಲ್ಲಿ ಒಪ್ಪುವ ಮಾತಲ್ಲ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಭಾಗಿಸಿ, ಸ್ವತಂತ್ರನು ಶ್ರೀಹರಿಯೊಬ್ಬನೇ ಎಂದು ಸ್ಥಾಪಿಸಿದ್ದಾರೆ. ಅದನ್ನು ಪ್ರತಿದಿನವೂ ಒಪ್ಪುವ ನಾವು, ನಮಗೆ ಅನುಕೂಲವಾದ ಒಂದು ರಾತ್ರಿಯಲ್ಲಿ ಮಾತ್ರ ಎಪ್ಪತ್ತು ದಾಟಿದ ಒಬ್ಬ ವೃದ್ಧರನ್ನು ಸ್ವತಂತ್ರರೆಂದು ಘೋಷಿಸಿಬಿಟ್ಟೆವು! ಹಾಗಾದರೆ ಹರಿಯೇ ಕಾಪಾಡುವನು, ನಮಗೇನು ಚಿಂತೆ ಎನ್ನಬಹುದು. ಕಾಪಾಡುವವನು ಅವನೇ, ನಿಜ. ಆದರೆ ಅವನು ಒಬ್ಬ ಜೀವನ ಕೈಯಿಂದ ಇನ್ನೊಬ್ಬ ಜೀವನಿಗೆ ಅನ್ನವನ್ನೂ ಆಶ್ರಯವನ್ನೂ ಕೊಡಿಸುತ್ತಾನೆ. ಆ ರಾತ್ರಿ ಆ ನಿಲ್ದಾಣದಲ್ಲಿ ಅವನು ಹತ್ತಿರದಲ್ಲಿಟ್ಟಿದ್ದ ಕೈ ನಮ್ಮದಾಗಿತ್ತು. ನಾವು ಅದನ್ನು ಹಿಂದೆಗೆದುಕೊಂಡೆವು.

ಎರಡನೆಯ ಆಕ್ಷೇಪವು ಇನ್ನೂ ಪ್ರಬಲವಾದುದು. "ನೀವು ನಡೀರಿ" ಎಂದು ಹೇಳಿದವರು ಅವರೇ ಅಲ್ಲವೇ? ಸಾಲ ಕೊಟ್ಟವನೇ ಸಾಲವನ್ನು ಬಿಟ್ಟರೆ ಸಾಲಗಾರನಿಗೆ ಬಿಡುಗಡೆಯಾಗುವಂತೆ, ಅವರ ಮಾತಿನಿಂದ ನಮ್ಮ ಹೊಣೆ ಕಳೆಯಿತಲ್ಲವೇ? ಈ ತರ್ಕದಿಂದಲೇ ಆ ರಾತ್ರಿ ನಮಗೆ ನಿದ್ದೆ ಬಂದಿತು. ಆದಕಾರಣ ಇದನ್ನು ಚೆನ್ನಾಗಿ ಪರೀಕ್ಷಿಸಬೇಕು. ಕಾಕಾ ಆ ಮಾತನ್ನು ಹೇಳುವ ಮುನ್ನ ನಮ್ಮ ಮುಖವನ್ನು ನೋಡಿದರು. ಅಲ್ಲಿ ಆಯಾಸವಿತ್ತು, ರಾಯಚೂರಿನ 140 ರೂಪಾಯಿಗಳೂ ಇದ್ದವು. ತಮ್ಮ ಇಷ್ಟವನ್ನು ಅವರು ಹೇಳಲಿಲ್ಲ. ನಮ್ಮ ಇಷ್ಟವನ್ನು ಓದಿ ಅದನ್ನೇ ನಮಗೆ ಹೇಳಿದರು. ಅದನ್ನು ಅನುಮತಿ ಎನ್ನುವುದು ಹೇಗೆ? ಅದು ದಾನ. ದಿನವಿಡೀ ಉಪವಾಸವಿದ್ದವರು ತಮ್ಮಲ್ಲಿ ಉಳಿದಿದ್ದ ಸ್ವಲ್ಪ ಸುಖವನ್ನೂ ನಮ್ಮ ಮಕ್ಕಳ ನಿದ್ದೆಗಾಗಿ ಕೊಟ್ಟರು. ನಾವು ಅದನ್ನು ರಸೀದಿಯಂತೆ ಜೇಬಿನಲ್ಲಿಟ್ಟುಕೊಂಡು ಬಂದೆವು.

ಇಲ್ಲಿ ನಮ್ಮ ಪ್ರಶ್ನೆಯ ರೂಪವೂ ದೋಷವುಳ್ಳದ್ದು. ಮನೆಗೆ ಬಂದ ಅತಿಥಿಯನ್ನು "ಊಟ ಮಾಡುತ್ತೀರಾ?" ಎಂದು ಕೇಳಿದರೆ, ಮರ್ಯಾದಸ್ಥನಾದವನು "ಆಗಿದೆ" ಎಂದೇ ಹೇಳುತ್ತಾನೆ. "ಏಳಿ, ಎಲೆ ಹಾಕಿದೆ" ಎಂದರೆ ಏಳುತ್ತಾನೆ. ನಮ್ಮ ತಾಯಂದಿರು ಮೊದಲಿನ ಪ್ರಶ್ನೆಯನ್ನು ಎಂದೂ ಕೇಳಿದವರಲ್ಲ. "ಬರ್ತೀರೇನು?" ಎಂಬ ಮಾತಿನಲ್ಲಿಯೇ ಬೇಡವೆನ್ನುವುದಕ್ಕೆ ಬಾಗಿಲು ತೆರೆದಿರುತ್ತದೆ. "ನಡೀರಿ ಕಾಕಾ, ನಾಳೆ ಪಾರಣಿ ನಮ್ಮಲ್ಲೇ" ಎಂದು ಹೇಳಿ ಅವರ ಚೀಲವನ್ನು ಕೈಗೆತ್ತಿಕೊಂಡಿದ್ದರೆ ಸಾಕಾಗಿತ್ತು.

ಮೂರನೆಯದಾಗಿ, ಹೆಂಡತಿ ಮಕ್ಕಳ ರಕ್ಷಣೆ ಗೃಹಸ್ಥನ ಮೊದಲ ಧರ್ಮವಲ್ಲವೇ ಎಂದು ಕೇಳಬಹುದು. ಅಹುದು. ಎರಡು ಧರ್ಮಗಳು ನಿಜವಾಗಿ ಎದುರುಬದುರಾದಾಗ ಸಮೀಪದ ಧರ್ಮವನ್ನೇ ನಡೆಸಬೇಕಾಗುತ್ತದೆ. ಆದರೆ ಆ ರಾತ್ರಿ ಅಂತಹ ಸಂಕಟವೇ ಇರಲಿಲ್ಲ. ಅದೇ ಆಟೋದಲ್ಲಿ ಇನ್ನೊಬ್ಬರಿಗೆ ಸ್ಥಳವಿತ್ತು. ಮನೆಯಲ್ಲಿ ಒಂದು ಚಾಪೆಗೂ ಸ್ಥಳವಿತ್ತು. ಮುಂಜಾನೆ ಹೇಗೂ ಅಡಿಗೆಯಾಗುವುದಿತ್ತು. ನಮ್ಮ ಜೀವನದಲ್ಲಿ ಧರ್ಮಸಂಕಟವೆಂದು ನಾವು ಹೆಸರಿಡುವ ಪ್ರಸಂಗಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. ಅಲ್ಲಿ ಕಷ್ಟಪಡುವುದು ನಮ್ಮ ಆಲಸ್ಯ. ಧರ್ಮದ ಹೆಸರನ್ನು ನಾವು ಅದಕ್ಕೆ ಹೊದಿಸಿರುತ್ತೇವೆ.

ಈಗ ಹಿರಿಯರ ಚರಿತ್ರೆಗಳತ್ತ ನೋಡೋಣ. ಹಿಂದಿರುಗುವ ದಾರಿಯನ್ನು ಅವರು ಹೇಗೆ ನಡೆದರು?

ಶ್ರೀರಾಮಚಂದ್ರನು ಲಂಕೆಯಿಂದ ಹಿಂದಿರುಗಿದ ವೃತ್ತಾಂತವನ್ನು ವಾಲ್ಮೀಕಿಗಳು ಯುದ್ಧಕಾಂಡದಲ್ಲಿ ವರ್ಣಿಸಿದ್ದಾರೆ. ಕಾರ್ಯ ಮುಗಿದಿತ್ತು; ಹದಿನಾಲ್ಕು ವರ್ಷಗಳ ವನವಾಸವೂ ಮುಗಿಯುತ್ತ ಬಂದಿತ್ತು. ಮನೆ ಸೇರುವ ಆತುರ ಅವನಿಗಿಂತ ಹೆಚ್ಚಾಗಿ ಯಾರಿಗಿರಬೇಕು? ಆದರೂ ತನ್ನೊಡನೆ ದುಡಿದ ಕಪಿವೀರರನ್ನೂ ವಿಭೀಷಣನನ್ನೂ ವಿಮಾನದಲ್ಲಿ ಕರೆದುಕೊಂಡೇ ಹೊರಟನು. ಕಿಷ್ಕಿಂಧೆ ಬಂದಾಗ ಸೀತಾದೇವಿಯು ವಾನರಪತ್ನಿಯರನ್ನೂ ಕರೆದುಕೊಂಡು ಹೋಗೋಣವೆನ್ನಲು, ಅಲ್ಲಿ ವಿಮಾನವನ್ನು ನಿಲ್ಲಿಸಿದನು. ಭರದ್ವಾಜರ ಆಶ್ರಮವನ್ನು ಮುಟ್ಟಿದ ಮೇಲೆ, ಅವಧಿ ಮೀರಿದರೆ ಅಗ್ನಿಪ್ರವೇಶ ಮಾಡುವೆನೆಂದು ವ್ರತ ತೊಟ್ಟಿದ್ದ ಭರತನಿಗೆ ತನ್ನ ಬರವನ್ನು ತಿಳಿಸಲು ಹನುಮಂತದೇವರನ್ನು ಮುಂದಾಗಿ ಕಳುಹಿದನು. ದಾರಿಯಲ್ಲಿ ಗುಹನಿಗೂ ಸುದ್ದಿ ಮುಟ್ಟಿಸುವಂತೆ ಹೇಳಿದನು. ನಂದಿಗ್ರಾಮ ಸೇರಿದ ಕೂಡಲೇ ಪುಷ್ಪಕವಿಮಾನವನ್ನು ಕುಬೇರನಲ್ಲಿಗೆ ಹಿಂದಿರುಗಿಸಿದನು. ಪಟ್ಟಾಭಿಷೇಕವಾದ ಮೇಲೆ ಸುಗ್ರೀವಾದಿಗಳನ್ನೂ ವಿಭೀಷಣನನ್ನೂ ಸತ್ಕರಿಸಿ ಅವರವರ ಸ್ಥಾನಗಳಿಗೆ ಬೀಳ್ಕೊಟ್ಟನು. ಇದರಲ್ಲಿ ಎಷ್ಟು ವಿಷಯಗಳಿವೆ ನೋಡಿರಿ. ಜೊತೆಗಾರರ ಚಿಂತೆ, ಅವರ ಮನೆಯವರ ಚಿಂತೆ, ಕಾದಿರುವವರಿಗೆ ಸಕಾಲದಲ್ಲಿ ಸುದ್ದಿ, ಎರವಲು ತಂದ ವಸ್ತುವನ್ನು ಒಪ್ಪಿಸುವುದು, ಕೊನೆಗೆ ಎಲ್ಲರನ್ನೂ ಗೌರವದಿಂದ ಕಳುಹಿಸುವುದು. ನಾವಾದರೋ, "ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ" ಎಂಬ ಒಂದು ವಾಕ್ಯದಲ್ಲಿ ಇದನ್ನೆಲ್ಲ ಮುಗಿಸಿದೆವು.

ಶ್ರೀನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ನಿರೂಪಿಸಿರುವ ಬದರೀಯಾತ್ರೆಯ ಪ್ರಸಂಗವೂ ಇಲ್ಲಿ ಸ್ಮರಣೀಯವಾಗಿದೆ. ಶ್ರೀಮದಾಚಾರ್ಯರು ಶಿಷ್ಯರನ್ನು ಬದರಿಯಲ್ಲಿ ಬಿಟ್ಟು ಒಬ್ಬರೇ ವ್ಯಾಸಾಶ್ರಮದತ್ತ ಹೊರಟಾಗ, ವಿರಹವನ್ನು ತಾಳಲಾರದೆ ಸತ್ಯತೀರ್ಥರು ಹಿಂದೆಯೇ ಓಡಿದರು. ಬಂಡೆಯಿಂದ ಬಂಡೆಗೆ ಹಾರಿ ಹೋಗುತ್ತಿದ್ದ ಗುರುಗಳ ವೇಗಕ್ಕೆ ಅವರು ಸಮನಾಗಲಿಲ್ಲ. ಸಂಜೆಯಾಗುತ್ತ ಬಂದಿತು. ಆಚಾರ್ಯರು ಹಿಂದಿರುಗಿ ನೋಡಿ ಕೈ ಬೀಸಲು, ಸತ್ಯತೀರ್ಥರು ಬಂದಷ್ಟೂ ದಾರಿಯನ್ನು ಕ್ಷಣದಲ್ಲಿ ಕ್ರಮಿಸಿ ಉಳಿದ ಶಿಷ್ಯರನ್ನು ಸೇರಿದರು. ಇದನ್ನು ನಾವು ಗುರುಗಳ ಮಹಿಮೆಯೆಂದು ಓದಿ ಕೈ ಮುಗಿಯುತ್ತೇವೆ, ಅದು ಯುಕ್ತವೇ. ಆದರೆ ಇಲ್ಲಿ ಕಾರುಣ್ಯವೂ ಉಂಟು. ಮುಂದೆ ಬರಲಾರದವನನ್ನು ಅವರು ಆ ಪರ್ವತದಲ್ಲಿ ಕತ್ತಲೆಗೆ ಬಿಟ್ಟು ಹೋಗಲಿಲ್ಲ. ಅವನ ಜನರ ನಡುವೆ ಸೇರಿಸಿದ ಮೇಲೆಯೇ ಮುಂದೆ ಹೋದರು. ವೇದವ್ಯಾಸದೇವರ ದರ್ಶನಕ್ಕೆ ಹೊರಟವರಿಗೆ ಇದಕ್ಕೆ ಬಿಡುವಿದ್ದಿತು. ನಮಗೆ ಬೀದರಿನ ನಿಲ್ದಾಣದಲ್ಲಿ ಬಿಡುವಿರಲಿಲ್ಲ!

ಅಷ್ಟೇ ಅಲ್ಲ. ಆಚಾರ್ಯರು ಬದರಿಯಿಂದ ಹಿಂದಿರುಗುವ ದಾರಿಯಲ್ಲಿಯೇ ಗೋದಾವರೀತೀರದಲ್ಲಿ ಶೋಭನಭಟ್ಟರು ಅವರಿಗೆ ಶರಣಾಗಿ ಮುಂದೆ ಶ್ರೀಪದ್ಮನಾಭತೀರ್ಥರಾದರು. ನಾವು ದೋಣಿ ಹತ್ತಿ ಹೋಗಿ ನಮಸ್ಕರಿಸಿದ ವೃಂದಾವನಗಳಲ್ಲಿ ಅವರದೂ ಒಂದು. ಹಿಂದಿರುಗುವ ದಾರಿ ಯಾತ್ರೆಯ ಉಚ್ಛಿಷ್ಟವಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೇ? ಅದೇ ವೃಂದಾವನದ ದರ್ಶನ ಪಡೆದು ಬರುತ್ತ ನಾವು ಹಿಂದಿರುಗುವ ದಾರಿಯನ್ನು ಹಾಳುಮಾಡಿಕೊಂಡೆವು.

ನಮ್ಮ ನೆರೆಯ ಪಂಢರಪುರದ ವಾರಿಯನ್ನು ಬೀದರ, ಭಾಲ್ಕಿ, ಔರಾದಗಳ ಜನರು ಬಲ್ಲರು. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳ ಪಲ್ಲಕ್ಕಿಯೊಡನೆ ಲಕ್ಷಾಂತರ ಜನರು ಕಾಲ್ನಡಿಗೆಯಿಂದ ಆಷಾಢ ಏಕಾದಶಿಗೆ ಬರುತ್ತಾರೆ. ದರ್ಶನವಾದ ಮೇಲೆ ಬಹುಜನರು ಬಸ್ಸು, ರೈಲುಗಳಲ್ಲಿ ತಮ್ಮ ತಮ್ಮ ಊರುಗಳಿಗೆ ಹೋಗಿಬಿಡುತ್ತಾರೆ. ಆಷಾಢ ಹುಣ್ಣಿಮೆಯ ನಂತರ ಪಲ್ಲಕ್ಕಿಯು ಹಿಂದಿರುಗುವಾಗ ಅದರೊಡನೆ ನಡೆಯುವವರು ಬಹಳ ಕಡಿಮೆ. ವಾದ್ಯವೈಭವವಿಲ್ಲ, ನೋಡುವ ಜನರ ಸಂದಣಿಯಿಲ್ಲ. ಮಳೆಯಲ್ಲಿ ನೆನೆಯುತ್ತ ಪಾದುಕೆಗಳನ್ನು ಆಳಂದಿಗೆ ಮುಟ್ಟಿಸುತ್ತಾರೆ. ಹೋದವರನ್ನು ನಾವು ದೂಷಿಸುವುದಿಲ್ಲ. ಹೊಲ ಮನೆಗಳು ಅವರನ್ನು ಕರೆಯುತ್ತಿರುತ್ತವೆ. ಆದರೆ ಕರೆದುಕೊಂಡು ಬಂದವರನ್ನು ಮರಳಿ ಮನೆಗೆ ಮುಟ್ಟಿಸಿದ ಹೊರತು ಯಾತ್ರೆ ಮುಗಿಯದೆಂಬುದನ್ನು ಆ ಕೆಲವರು ಮಾತಿಲ್ಲದೆ ತೋರಿಸುತ್ತಾರೆ.

ಇನ್ನು ಕೊನೆಯ ಆಕ್ಷೇಪ. ಈ ಕರ್ತವ್ಯಕ್ಕೆ ಒಂದು ಎಲ್ಲೆ ಬೇಡವೇ? ಪ್ರತಿಯೊಬ್ಬ ಸಹಯಾತ್ರಿಕನನ್ನೂ ಅವನ ಹೊಸ್ತಿಲವರೆಗೆ ಬಿಟ್ಟು ಬರುವುದು ಸಾಧ್ಯವೇ? ಹಾಗೆ ಮಾಡಿದರೆ ನಮ್ಮನ್ನು ಬಿಟ್ಟು ಬರಲು ಅವನು ಮತ್ತೆ ಹೊರಡಬೇಕಾದೀತು! ಈ ಪರಿಹಾಸದಲ್ಲಿಯೂ ಸತ್ಯಾಂಶವಿದೆ. ಎಲ್ಲೆಯಿಲ್ಲದ ಕರ್ತವ್ಯವನ್ನು ಯಾರೂ ನಡೆಸಲಾರರು. ಇದಕ್ಕೂ ಹಿರಿಯರು ದಾರಿ ತೋರಿಸಿದ್ದಾರೆ. ಭಾಗವತದ ದಶಮಸ್ಕಂಧದಲ್ಲಿ ಶ್ರೀಕೃಷ್ಣನು ತನ್ನ ಬಡ ಗೆಳೆಯನಾದ ಸುದಾಮನನ್ನು ಬೀಳ್ಕೊಡುವಾಗ ಅವನೊಡನೆ ದಾರಿಯಲ್ಲಿ ಸ್ವಲ್ಪ ದೂರ ನಡೆದು ಹೋದನು. ಪ್ರಿಯರಾದವರನ್ನು ನೀರಿನ ತಡಿಯವರೆಗೆ ಕಳುಹಿಸಿ ಬರಬೇಕೆಂಬುದು ಹಳೆಯ ಸಂಪ್ರದಾಯ. ಅದರ ಅರ್ಥವೂ ಸ್ಪಷ್ಟವಾಗಿದೆ. ನದಿಯ ದಡದಲ್ಲಿ ದೋಣಿ ಸಿಕ್ಕಿತೆಂದು ಖಚಿತವಾಗುವವರೆಗೆ ಅವನು ನಮ್ಮವನು. ದೋಣಿ ಹತ್ತಿದ ಮೇಲೆ ಅವನು ತನ್ನ ಮನೆಯವನು. ಬೀದರಿನಿಂದ ಔರಾದಿಗೆ ಹೋಗುವ ದಾರಿಯೂ ಮಾಂಜ್ರಾ ನದಿಯನ್ನು ದಾಟುತ್ತದೆ. ಇಂದು ಅಲ್ಲಿ ಸೇತುವೆಯಿದೆ, ದೋಣಿ ಬೇಕಿಲ್ಲ. ಇಂದಿನ ನೀರಿನ ತಡಿಯೆಂದರೆ ನಮ್ಮ ಬಸ್ ನಿಲ್ದಾಣ. ಅವನ ಊರಿನ ಬಸ್ಸಿನಲ್ಲಿ ಅವನನ್ನು ಕೂರಿಸುವವರೆಗೆ ಕರ್ತವ್ಯ ನಮ್ಮದು. ಆ ಬಸ್ಸು ಬೆಳಗಿನಲ್ಲಿ ಇದೆಯೆಂದಾದರೆ ಬೆಳಗಿನವರೆಗೂ ನಮ್ಮದು. ಹುಮನಾಬಾದದಲ್ಲಿ ಕಾಕಾ ಮಾಸ್ತರರಿಗಾಗಿ ಮಾಡಿದ್ದು ನಿಖರವಾಗಿ ಇದನ್ನೇ. ಅವರಿಗೆ ಎಲ್ಲೆ ತಿಳಿದಿತ್ತು. ನಮ್ಮ ಕಣ್ಣ ಮುಂದೆಯೇ ಪಾಠ ನಡೆದಿತ್ತು. ನಾವು ಕಿಟಕಿಯಿಂದ ನೋಡಿದೆವು, ಕಲಿಯಲಿಲ್ಲ.

ಔರಾದ ತಾಲ್ಲೂಕು ನಮ್ಮ ಕರ್ನಾಟಕದ ಉತ್ತರದ ತುದಿ. ದಕ್ಷಿಣದ ಯಾವ ಕ್ಷೇತ್ರದಿಂದ ಹಿಂದಿರುಗಿದರೂ, ಜೊತೆಯವರೆಲ್ಲ ಇಳಿದು ಹೋದ ಮೇಲೆ ಕೊನೆಗೆ ಒಬ್ಬನೇ ಉಳಿಯುವವನು ಔರಾದಿನವನು. ಪ್ರತಿಯೊಂದು ಯಾತ್ರೆಯಲ್ಲಿಯೂ, ಪ್ರತಿಯೊಂದು ಮನೆತನದಲ್ಲಿಯೂ ಹೀಗೆ ಒಬ್ಬ ಔರಾದಿನವನು ಇರುತ್ತಾನೆ. ಅವನ ಊರು ಬೇರೆ ಇರಬಹುದು. ವಿಧವೆಯಾದ ಒಬ್ಬ ಸೋದರತ್ತೆ, ಮಕ್ಕಳು ದೂರವಿರುವ ಒಬ್ಬ ವೃದ್ಧ, ಕಿವಿ ಮಂದವಾದ ಒಬ್ಬ ಅಡಿಗೆಯವರು. ನಮ್ಮ ಮನೆ ಬಂದಾಗ ಯಾತ್ರೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಅದು ಸರಿಯಲ್ಲ. ಎಲ್ಲರಿಗಿಂತ ದೂರದ ಮನೆಯವನು ತನ್ನ ಮನೆಯನ್ನು ಸೇರಿದಾಗ ಯಾತ್ರೆ ಮುಗಿಯುತ್ತದೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇದಿಷ್ಟೇ.

ಜೀವ–ಪರಮಾತ್ಮರನ್ನು ಮುಂಡಕೋಪನಿಷತ್ತು ಒಂದೇ ವೃಕ್ಷದಲ್ಲಿ ಜೊತೆಯಾಗಿರುವ ಎರಡು ಹಕ್ಕಿಗಳಿಗೆ ಹೋಲಿಸಿರುವುದನ್ನು ಪ್ರವಚನಗಳಲ್ಲಿ ಕೇಳಿದ್ದೇವೆ. ಬಿಂಬರೂಪಿಯಾದ ಹರಿಯು ಹೋಗುವಾಗಲೂ ಬರುವಾಗಲೂ, ಒಂದು ದೇಹದಿಂದ ಇನ್ನೊಂದು ದೇಹಕ್ಕೂ, ಜೀವನನ್ನು ಬಿಡದೆ ಜೊತೆಗಿರುವವನು. ಜೀವನು ಎಷ್ಟು ಸಲ "ನನ್ನ ದಾರಿ ನನಗೆ ಗೊತ್ತು" ಎಂದರೂ, ಆ ಮಾತನ್ನು ಹಿಡಿದುಕೊಂಡು ಅವನು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಅಂತಹ ಸಖನನ್ನು ಪಡೆದಿರುವ ನಾವು, 40 ಕಿಲೋಮೀಟರಿನ ಒಬ್ಬ ಸಹಯಾತ್ರಿಕನನ್ನು ಅವನ ಒಂದು ಸೌಜನ್ಯದ ಮಾತಿಗೆ ಬಿಟ್ಟು ಬರಬಾರದು. ಬೆಂಚಿನ ಮೇಲೆ ರಾತ್ರಿ ಕಳೆದ ಕಾಕಾ ಅವರ ಹೃದಯದಲ್ಲಿಯೂ ಅವನೇ ಇದ್ದನು.

ಆ ನರಸಿಂಹ ಜಯಂತಿಯ ಸಂಜೆ ಪೂಜೆ, ಪ್ರಸಾದಗಳಾದ ಮೇಲೆ ನಾವು ಕಾಕಾ ಅವರನ್ನೂ ಮೊಮ್ಮಗನನ್ನೂ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಔರಾದಿನ ಬಸ್ಸಿನಲ್ಲಿ ಕೂರಿಸಿ, ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೆವು. ಮುಟ್ಟಿದ ಸುದ್ದಿ ಬರುವವರೆಗೆ ಊಟಕ್ಕೆ ಕೂರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ವಾಚಕರಿಗೂ ಅವು ಉಪಯುಕ್ತವಾಗಬಹುದು. ಮೊದಲನೆಯದು, ಕೂಡಿ ಹೊರಟಾಗ ಹಿಂದಿರುಗುವ ದಿನವನ್ನೂ ಹೊತ್ತನ್ನೂ ಎಲ್ಲರಿಗಿಂತ ದೂರದ ಊರಿನವರ ಕೊನೆಯ ಬಸ್ಸಿಗೆ ಅನುಸರಿಸಿ ಗೊತ್ತುಮಾಡುವುದು. ಎರಡನೆಯದು, ಲೆಕ್ಕವನ್ನು ಕ್ಷೇತ್ರ ಬಿಡುವ ಮುನ್ನ ಅಥವಾ ಊರು ಸೇರಿ ಎರಡು ದಿನಗಳಾದ ಮೇಲೆ ಮಾಡುವುದು. ಉಪವಾಸ, ಬಿಸಿಲು, ಆಯಾಸಗಳ ನಡುವೆ ದಾರಿಯಲ್ಲಿ ಎಂದಿಗೂ ಮಾಡಬಾರದು. ಮೂರನೆಯದು, ಮುಟ್ಟಿದ ಮೇಲೆ ತಿಳಿಸಿರೆಂದು ಹೇಳಿದವರೇ ಎಚ್ಚರವಾಗಿದ್ದು ವಿಚಾರಿಸುವುದು. ಹಿಂದೆ ಊರು ಸೇರಿದ ಮರುದಿನವೇ ಕ್ಷೇಮಸಮಾಚಾರದ ಒಂದು ಕಾರ್ಡು ಬರೆಯುತ್ತಿದ್ದರು. ಇಂದು ಒಂದು ಗುಂಡಿ ಒತ್ತುವುದಕ್ಕೆ ಆಲಸ್ಯವೇಕೆ?

ಕಾಕಾ ಇಂದು ನಮ್ಮೊಡನಿಲ್ಲ. ಅವರು ಹೋಗಿ ಎರಡು ವರ್ಷಗಳಾದವು. ಆ ದೋಣಿಯ 140 ರೂಪಾಯಿಗಳನ್ನು ಅವರು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಪ್ರತಿ ವೈಶಾಖ ಶುದ್ಧ ದ್ವಾದಶಿಯಂದು ಪಾರಣೆಗೆ ಒಬ್ಬ ಪರಸ್ಥಳದ ಅತಿಥಿಯನ್ನು ಕರೆಯುತ್ತೇವೆ. "ಬರ್ತೀರೇನು?" ಎಂದು ಕೇಳುವುದಿಲ್ಲ.

ಹೊರಡುವವರೆಲ್ಲರೂ ಸುಖವಾಗಿ ಹಿಂದಿರುಗಲಿ. ಹಿಂದಿರುಗಿದವರೆಲ್ಲರೂ ತಮ್ಮ ತಮ್ಮ ಮನೆಗಳನ್ನು ಸೇರಲಿ. ಜೊತೆಯವರನ್ನು ಬಿಡದಿರುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮ್ಮೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು